ಹೊಟ್ಟೆ ಇಳಿದದ್ದನ್ನು ಕಂಡವರು

ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಸೂಲಗಿತ್ತಿಯರು ಬಸುರಿಯ ಹೊಟ್ಟೆ ಮುಟ್ಟುವುದಕ್ಕೆ ಮೊದಲು ಅವಳ ನಡಿಗೆ ನೋಡುತ್ತಿದ್ದರು. ಬಿಂದಿಗೆ ಇಳಿಸಿ ಒಳಗೆ ಬರುವ ಹುಡುಗಿ ಕಾಲು ಅಗಲಿಸಿ ಹೆಜ್ಜೆ ಇಡುತ್ತಾಳೆಯೇ, ಕೂರುವಾಗ ಕೈಯನ್ನು ಎಲ್ಲಿ ಊರುತ್ತಾಳೆ, ಸೀರೆಯ ನೆರಿಗೆ ಹೋದ ವಾರಕ್ಕಿಂತ ಕೆಳಗೆ ಜಾರಿದೆಯೇ, ಎದೆಯ ಕೆಳಗೆ ಅಂಗೈಯಷ್ಟು ಜಾಗ ಬಿಟ್ಟುಕೊಂಡಿದೆಯೇ, ಇವೆಲ್ಲ ಕಣ್ಣಲ್ಲೇ ಮುಗಿಯುತ್ತಿತ್ತು. ಆಮೇಲೆ ಮಾತು.

"ರಾತ್ರಿ ನೆಟ್ಟಗೆ ನಿದ್ದೆ ಬಂತೇನವ್ವ?"

"ಬಂತಜ್ಜಿ, ಉಸಿರು ಸಲೀಸಾಗೈತೆ. ಆದ್ರೆ ಗಳಿಗೆಗೊಂದ್ಸಲ ಹಿತ್ಲಿಗೆ ಓಡೋ ಹಂಗಾಗೈತೆ."

"ಮುದ್ದೆ?"

"ಈಗ ಇಡೀ ಮುದ್ದೆ ಸೇರ್ತೈತೆ."

ಅಷ್ಟು ಕೇಳಿ ಅಜ್ಜಿ ಮನೆಯವರ ಕಡೆ ತಿರುಗುತ್ತಿದ್ದರು. "ಹೊಟ್ಟೆ ಇಳಿದೈತೆ. ಇನ್ನ ಇವಳ್ನ ಎಲ್ಲಿಗೂ ಕಳಿಸ್ಬೇಡ್ರಿ."

ನಾನು ಆ ಸೀಮೆಯ ಉಪಕೇಂದ್ರಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಜನ ನರ್ಸಮ್ಮ ಅನ್ನುತ್ತಿದ್ದರು. ತರಬೇತಿ ಶಾಲೆಯಲ್ಲಿ ಗೊಂಬೆಯ ಮೇಲೆ, ಆಮೇಲೆ ವಾರ್ಡಿನಲ್ಲಿ ಹೊಟ್ಟೆ ಪರೀಕ್ಷೆ ಕಲಿತಿದ್ದೆ. ಆದರೆ ನನ್ನ ಕೈ ಪಳಗಿದ್ದು ಈ ಅಜ್ಜಿಯರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು. ಅವರ ಕಸುಬಿನ ಬಗ್ಗೆ ಬರೆಯುವವರು ಹೆರಿಗೆಯ ಗಳಿಗೆಯನ್ನೇ ಬರೆಯುತ್ತಾರೆ. ಅದಕ್ಕೆ ಎರಡು ಮೂರು ವಾರ ಮೊದಲು, ಮಗು ಸೊಂಟದ ಗೂಡಿಗೆ ಇಳಿಯುವ ಹೊತ್ತನ್ನು ಅವರು ಹೇಗೆ ಕಾಯುತ್ತಿದ್ದರು, ಯಾಕೆ ಅಷ್ಟು ಗಮನ ಕೊಟ್ಟು ಕಾಯುತ್ತಿದ್ದರು ಅನ್ನುವುದು ಎಲ್ಲೂ ದಾಖಲಾಗಲಿಲ್ಲ. ನನ್ನ ಮಟ್ಟಿಗೆ ಆ ಕಸುಬಿನ ಅರ್ಧ ಜಾಣ್ಮೆ ಇದ್ದದ್ದೇ ಅಲ್ಲಿ.

ಯಾಕೆಂದರೆ ಆ ಕಾಲದ ಬಸುರಿಗೆ ತಾರೀಕು ಗೊತ್ತಿರುತ್ತಿರಲಿಲ್ಲ. "ಯುಗಾದಿಗೆ ಮುಂಚೆ ನೀರು ಹಾಕ್ಕೊಂಡಿದ್ದೆ, ಆಮೇಲೆ ಇಲ್ಲ" ಅನ್ನುವುದೇ ಲೆಕ್ಕ. ಮೊದಲ ಮಗುವಿಗೆ ಹಾಲೂಡುತ್ತಿದ್ದಾಗಲೇ ಮತ್ತೆ ಬಸುರಾದವಳಿಗೆ ಆ ಲೆಕ್ಕವೂ ಇಲ್ಲ. ಎಂಟು ತಿಂಗಳ ಹೊಟ್ಟೆಯೋ ದಿನ ತುಂಬಿದ ಹೊಟ್ಟೆಯೋ ಎಂದು ಹೇಳಬೇಕಾದವಳು ಸೂಲಗಿತ್ತಿ. ಇಲ್ಲೊಂದು ತೊಡಕಿದೆ. ಗರ್ಭಕೋಶ ತಿಂಗಳು ತಿಂಗಳಿಗೂ ಮೇಲೇರುತ್ತಾ 36ನೇ ವಾರದ ಹೊತ್ತಿಗೆ ಎದೆಗೂಡಿನ ಕೆಳತುದಿ ಮುಟ್ಟುತ್ತದೆ. ಬಸುರಿ ಅತಿ ಹೆಚ್ಚು ಏದುಸಿರು ಬಿಡುವುದು ಆಗ. ಹೊಟ್ಟೆಯ ಚೀಲ ಒತ್ತಿಕೊಂಡು ಹುಳಿತೇಗು, ಎದೆಯುರಿ. ಆಮೇಲೆ ಮಗುವಿನ ತಲೆ ಕೆಳಗೆ ಜಾರಿದಂತೆ ಗರ್ಭಕೋಶದ ಮೇಲ್ತುದಿಯೂ ಇಳಿದು, 40ನೇ ವಾರದಲ್ಲಿ ಹೆಚ್ಚುಕಡಿಮೆ 32ನೇ ವಾರದ ಎತ್ತರಕ್ಕೇ ಬಂದು ನಿಲ್ಲುತ್ತದೆ. ಬರೀ ಎತ್ತರ ಅಳೆದರೆ ಎರಡೂ ಒಂದೇ. ವ್ಯತ್ಯಾಸ ತಿಳಿಯುವುದು ಪಕ್ಕೆಯಲ್ಲಿ ಮತ್ತು ತಲೆಯಲ್ಲಿ. ದಿನ ತುಂಬಿದ ಹೊಟ್ಟೆ ಎರಡೂ ಪಕ್ಕೆಗೆ ಅಗಲವಾಗಿ ತುಂಬಿಕೊಂಡಿರುತ್ತದೆ, ತಲೆ ಕೆಳಗೆ ಕೂತಿರುತ್ತದೆ. ಎಂಟು ತಿಂಗಳಿನದಾದರೆ ತಲೆ ಇನ್ನೂ ಮೇಲೆ ಆಡುತ್ತಿರುತ್ತದೆ. ನಾನು ಇದನ್ನು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವಳು. ಅಕ್ಷರ ಬಾರದ ಅಜ್ಜಿಯೊಬ್ಬರು ಪಕ್ಕೆಯನ್ನೂ ಸವರಿ ನೋಡಿದ್ದನ್ನು ಕಂಡಾಗ ನನಗೆ ಮೈ ಜುಂ ಅಂದಿತ್ತು.

ಆ ಅಜ್ಜಿಯ ಕೈ ಇವತ್ತಿಗೂ ಕಣ್ಣ ಮುಂದಿದೆ. ಚಾಪೆಯ ಮೇಲೆ ಹುಡುಗಿಯನ್ನು ಅಂಗಾತ ಮಲಗಿಸಿ ಮಂಡಿ ಮಡಿಸುವಂತೆ ಹೇಳುವರು. ಮೊದಲು ಹಿತ್ತಲಿಗೆ ಹೋಗಿ ಬಾ ಅನ್ನುವರು, ಮೂತ್ರ ತುಂಬಿದ್ದರೆ ತಲೆ ಸಿಕ್ಕುವುದಿಲ್ಲ. ಅಂಗೈಗೆ ಹರಳೆಣ್ಣೆ ಹಚ್ಚಿ, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೇಲಿನಿಂದ ಶುರು. ಎದೆಯ ಕೆಳಗೆ ಮೆತ್ತಗೆ, ಅಗಲಕ್ಕೆ ಸಿಕ್ಕಿದರೆ ಅದು ಕುಂಡಿ. ಪಕ್ಕೆಯಲ್ಲಿ ಒಂದೇ ಸಮ ಗಟ್ಟಿಯಾಗಿ ಸಿಕ್ಕಿದ ಕಡೆ ಬೆನ್ನು, ಗಂಟು ಗಂಟಾಗಿ ಸಿಕ್ಕಿದ ಕಡೆ ಕೈಕಾಲು. ಕೊನೆಗೆ ಕಿಬ್ಬೊಟ್ಟೆ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಮೆಲ್ಲಗೆ ಆ ಕಡೆ ಈ ಕಡೆ ಆಡಿಸುವರು. ಇಳಿಯದ ತಲೆ, ಬಿಂದಿಗೆಯ ನೀರಲ್ಲಿ ತೇಲುವ ತೆಂಗಿನಕಾಯಿಯಂತೆ, ಒತ್ತಿದರೆ ಜಾರಿ ಮತ್ತೆ ಬಂದು ಬೆರಳಿಗೆ ತಾಗುತ್ತದೆ. ಇಳಿದ ತಲೆ ಅಲುಗುವುದಿಲ್ಲ. ಆಮೇಲೆ ಕಿಬ್ಬೊಟ್ಟೆಯ ಎಲುಬಿನ ಮೇಲೆ ಬೆರಳು ಅಡ್ಡಲಾಗಿ ಜೋಡಿಸಿ, ತಲೆ ಇನ್ನೂ ಎಷ್ಟು ಬೆರಳು ಮೇಲಿದೆ ಎಂದು ನೋಡುವರು. ಎಲುಬಿನ ಮೇಲೆ ಐದು ಬೆರಳಷ್ಟೂ ಸಿಕ್ಕಿದರೆ ಏನೇನೂ ಇಳಿದಿಲ್ಲ. ಎರಡೇ ಬೆರಳು ಉಳಿದಿದ್ದರೆ ತಲೆಯ ದಪ್ಪ ಭಾಗ ಸೊಂಟದ ಗೂಡಿನ ಬಾಗಿಲು ದಾಟಿದೆ.

ದಕ್ಷಿಣ ಆಫ್ರಿಕಾದ ವೈದ್ಯ ಕ್ರೈಟನ್ 1974ರಲ್ಲಿ ಇದೇ ಬೆರಳ ಲೆಕ್ಕವನ್ನು ಐದರಲ್ಲಿ ಎಷ್ಟು ಪಾಲು ಎಂಬ ರೂಪದಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ನಕ್ಷೆ ಪಾರ್ಟೋಗ್ರಾಫ್‌ನಲ್ಲಿ ಆ ಲೆಕ್ಕ ಸೇರಿತು, ನಮ್ಮ ರಿಜಿಸ್ಟರಿಗೂ ಬಂತು. ಅವರು ನಮ್ಮ ಅಜ್ಜಿಯರಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ದುಡಿಯುವ ಕೈ ಎಲ್ಲಿದ್ದರೂ ಅದೇ ಎಲುಬನ್ನು, ಅದೇ ಬೆರಳನ್ನು ಅಳತೆಗೋಲು ಮಾಡಿಕೊಳ್ಳುತ್ತದೆ.

ಇನ್ನು ಪುಸ್ತಕದ ಹಳಮೆ. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೇ ಅಧ್ಯಾಯದಲ್ಲಿ ಹೆರಿಗೆ ಹತ್ತಿರವಾದ ಗುರುತುಗಳ ಪಟ್ಟಿ ಇದೆ. ಮೈ ದಣಿಯುತ್ತದೆ, ಮುಖ ಬಾಡುತ್ತದೆ, ಎದೆಗೆ ಬಿಗಿದ ಕಟ್ಟು ಬಿಚ್ಚಿದಂತಾಗುತ್ತದೆ, ಹೊಟ್ಟೆ ಕೆಳಕ್ಕೆ ಜಾರುತ್ತದೆ, ಕೆಳಭಾಗ ಭಾರವಾಗುತ್ತದೆ, ತೊಡೆಸಂದು, ಸೊಂಟ, ಪಕ್ಕೆ, ಬೆನ್ನು ನೋಯುತ್ತವೆ, ಊಟ ಬೇಡವಾಗುತ್ತದೆ. ಸುಶ್ರುತ ಇನ್ನೂ ಚುಟುಕಾಗಿ ಮೂರೇ ಗುರುತು ಕೊಡುತ್ತಾನೆ: ಹೊಟ್ಟೆ ಸಡಿಲವಾಗುವುದು, ಎದೆಯ ಬಂಧ ಬಿಡುವುದು, ಸೊಂಟದ ಕೆಳಗೆ ನೋವು. ಎದೆಯ ಕಟ್ಟು ಬಿಚ್ಚುವುದು ಎಂಬ ಮಾತನ್ನು ಹೊರಗೆ ನಿಂತು ನೋಡಿದ ಗಂಡಸು ಕಂಡುಹಿಡಿಯಲಾರ. ಅದನ್ನು ಒಬ್ಬ ಬಸುರಿ ಹೇಳಿರಬೇಕು, ಪಕ್ಕದಲ್ಲಿ ಕೂತ ಹೆಂಗಸು ಕೇಳಿಸಿಕೊಂಡಿರಬೇಕು. ಹೆರಿಗೆ ಮನೆಯಲ್ಲಿ ಹಲವು ಸಲ ಹೆತ್ತ, ಅಕ್ಕರೆಯುಳ್ಳ ಹೆಂಗಸರಿರಬೇಕು ಎಂದು ಚರಕನೇ ಹೇಳುತ್ತಾನಲ್ಲ, ಆ ಜ್ಞಾನ ಬಂದದ್ದು ಅವರ ಬಾಯಿಂದ ಎಂದು ನಾನು ನಂಬಿದ್ದೇನೆ.

ಒಂದು ಕಡೆ ಮಾತ್ರ ನಮ್ಮ ಅಜ್ಜಿಯರ ನೋಟ ಹೆಚ್ಚು ಚೂಪಾಗಿತ್ತು. ಚರಕನ ಪಟ್ಟಿಯಲ್ಲಿ ವಾರಗಳ ಮುಂಚಿನ ಗುರುತೂ ಗಳಿಗೆಯ ಮುಂಚಿನ ಗುರುತೂ ಬೆರೆತಿವೆ. ಹೊಟ್ಟೆ ಇಳಿದ ಹೊಸತರಲ್ಲಿ ಊಟ ಬೇಡವಾಗುವುದಿಲ್ಲ, ಜಠರದ ಮೇಲಿನ ಒತ್ತಡ ತಗ್ಗಿ ಇನ್ನಷ್ಟು ಸೇರುತ್ತದೆ. ಬೇಡವಾಗುವುದು ಬೇನೆ ಹತ್ತಿರ ಬಂದಾಗ. ಅದಕ್ಕೇ ಅಜ್ಜಿ ಮುದ್ದೆಯ ಮಾತು ಕೇಳುತ್ತಿದ್ದದ್ದು. ಚೊಚ್ಚಲಿಗೂ ಆಮೇಲಿನ ಬಸುರಿಗೂ ಇರುವ ವ್ಯತ್ಯಾಸವೂ ಅವರಿಗೆ ಗೊತ್ತಿತ್ತು. ಚೊಚ್ಚಲಲ್ಲಿ ಹೊಟ್ಟೆಯ ಸ್ನಾಯು ಬಿಗಿಯಾಗಿರುವುದರಿಂದ ಅದು ಮಗುವನ್ನು ಕೆಳಗೆ ಒತ್ತುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಮೊದಲೇ ತಲೆ ಕೂರುತ್ತದೆ. ಎರಡು ಮೂರು ಹೆತ್ತವಳ ಹೊಟ್ಟೆ ಸಡಿಲ, ಬೇನೆ ಶುರುವಾಗುವ ತನಕ ತಲೆ ಮೇಲೆಯೇ ತೇಲಬಹುದು. "ಇವಳದ್ದು ನಾಲ್ಕನೇದು, ನೋವು ಬಂದಾಗ್ಲೇ ಇಳೀತೈತೆ" ಎಂದು ಅಜ್ಜಿ ನಿಶ್ಚಿಂತೆಯಾಗಿ ಎದ್ದುಹೋಗುತ್ತಿದ್ದರು.

ಒನಕೆಯ ವಿಚಾರವನ್ನೂ ಹೇಳಲೇಬೇಕು. ಬೇನೆ ನಿಧಾನವಾದರೆ ಬಸುರಿ ಎದ್ದು ಒನಕೆ ಹಿಡಿದು ಧಾನ್ಯ ಕುಟ್ಟಲಿ, ಆಕಳಿಸಲಿ, ನಡೆದಾಡಲಿ ಎಂದು ಕೆಲವರು ಹೇಳುತ್ತಾರೆ ಎನ್ನುವ ಚರಕ ಸಂಹಿತೆ, ಗುರು ಆತ್ರೇಯ ಅದನ್ನು ಒಪ್ಪಲಿಲ್ಲ ಎಂದೂ ಹೇಳುತ್ತದೆ. ಅಂಥ ಹೊತ್ತಲ್ಲಿ ಕಠಿಣ ದುಡಿಮೆ ಅಪಾಯ, ಆಕಳಿಕೆ ಮತ್ತು ನಡೆದಾಟ ಸಾಕು ಎಂಬುದು ಅವನ ತೀರ್ಪು. ನಮ್ಮೂರುಗಳಲ್ಲಿ ಆ ಜಗಳ ನನ್ನ ಕಾಲದವರೆಗೂ ನಡೆದಿತ್ತು. ಒಂಬತ್ತು ತಿಂಗಳಾದ ಸೊಸೆಯನ್ನು ಬೀಸುವ ಕಲ್ಲಿನ ಮುಂದೆ ಕೂರಿಸುವ ಅತ್ತೆಯರಿದ್ದರು, ಹೆರಿಗೆ ಸಲೀಸಾಗುತ್ತದೆ ಅನ್ನುವ ನೆಪಕ್ಕೆ. ಕಲ್ಲಿನಿಂದ ಎಬ್ಬಿಸಿ "ಅಂಗಳದಾಗೆ ಓಡಾಡು ಹೋಗು" ಎಂದು ಗದರುವ ಸೂಲಗಿತ್ತಿಯರೂ ಇದ್ದರು.

ಯುರೋಪಿನಲ್ಲಿ ಈ ಹೊರಗಿನ ಕೈಪರೀಕ್ಷೆಗೆ ಮರ್ಯಾದೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ, ಅದಕ್ಕೆ ಸಾವಿರಾರು ಬಾಣಂತಿಯರು ಜೀವ ತೆರಬೇಕಾಯಿತು. ವೈದ್ಯರ ಕೊಳಕು ಕೈಯಿಂದಲೇ ಬಾಣಂತಿ ಜ್ವರ ಹರಡುತ್ತದೆಂದು ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ 1847ರಲ್ಲಿ ತೋರಿಸಿದ. ಕೈ ಒಳಗೆ ಹಾಕದೆ ಹೊರಗಿನಿಂದಲೇ ಮಗುವಿನ ತಲೆ, ಬೆನ್ನು ಗುರುತಿಸುವುದನ್ನು ಡ್ರೆಸ್ಡೆನ್ ಊರಿನ ಹೆರಿಗೆ ವೈದ್ಯ ಲಿಯೋಪೋಲ್ಡ್ 1894ರಲ್ಲಿ ನಾಲ್ಕು ಹಂತಗಳಾಗಿ ಬರೆದ. ಇಂದು ಎಲ್ಲ ನರ್ಸಿಂಗ್ ಶಾಲೆಗಳಲ್ಲೂ ಅವನ ಹೆಸರಲ್ಲೇ ಕಲಿಸುತ್ತಾರೆ. ಮರುವರ್ಷ ಪ್ಯಾರಿಸ್‌ನ ವೈದ್ಯ ಪಿನಾರ್ಡ್ ಮಗುವಿನ ಎದೆಬಡಿತ ಕೇಳುವ ಕಹಳೆಯಾಕಾರದ ಕೊಳವೆ ಕೊಟ್ಟ. ಉಪಕೇಂದ್ರದ ನನ್ನ ಚೀಲದಲ್ಲಿ ಅದರದೊಂದು ಅಲ್ಯುಮಿನಿಯಂ ಮರಿ ಇತ್ತು. ಒಂದು ತುದಿ ಹೊಟ್ಟೆಯ ಮೇಲೆ, ಇನ್ನೊಂದಕ್ಕೆ ಕಿವಿ. ವಾರ ವಾರ ಕೇಳುತ್ತಾ ಹೋದರೆ ಮಗುವಿನ ಎದೆಬಡಿತ ಸಿಕ್ಕುವ ಜಾಗವೇ ಕೆಳಗೆ ಸರಿಯುತ್ತಾ ಬರುತ್ತದೆ. ಮಗು ಇಳಿಯುತ್ತಿರುವುದನ್ನು ಕಿವಿಯಲ್ಲಿ ಕೇಳುವುದೆಂದರೆ ಅದು. ಯುರೋಪಿನ ಕೈಗಾರಿಕಾ ನಗರಗಳಲ್ಲಿ ಬಿಸಿಲಿಲ್ಲದೆ ರಿಕೆಟ್ಸ್ ಬಂದು ಬೆಳೆದ ಹುಡುಗಿಯರ ಸೊಂಟದ ಗೂಡು ಕಿರಿದಾಗಿರುತ್ತಿತ್ತು. ಚೊಚ್ಚಲು ಬಸುರಿಯಲ್ಲಿ ದಿನ ತುಂಬಿದರೂ ತಲೆ ಇಳಿಯದಿದ್ದರೆ ಅದೇ ಮೊದಲ ಎಚ್ಚರಿಕೆ.

ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೇನೂ ಬರವಿರಲಿಲ್ಲ. ಅನ್ನಕ್ಕೆ ಬರವಿತ್ತು, ಎಲುಬು ಬಲಿಯುವ ಮೊದಲೇ ಮದುವೆಯಾಗುತ್ತಿತ್ತು. ಹದಿನೇಳು ತುಂಬಿತ್ತೋ ಇಲ್ಲವೋ ಅನ್ನುವಂಥ ಒಬ್ಬ ಚೊಚ್ಚಲು ಹುಡುಗಿಯ ಕಿಬ್ಬೊಟ್ಟೆ ಮುಟ್ಟಿ ಅಜ್ಜಿ ಸುಮ್ಮನಾದದ್ದು ನೆನಪಿದೆ. ಪಕ್ಕೆ ತುಂಬಿತ್ತು, ಪಾದ ಬಾತಿತ್ತು, ತಲೆ ಮಾತ್ರ ಮೇಲೆಯೇ ಆಡುತ್ತಿತ್ತು. ನನ್ನ ಕೈ ಹಿಡಿದು ಅಲ್ಲಿ ಇಡಿಸಿ, "ನೋಡವ್ವ, ಬಾಗ್ಲು ಸಣ್ಣದು" ಅಂದರು. ಇಳಿಯದ ತಲೆಗೆ ಬೇರೆ ಕಾರಣವೂ ಇರಬಹುದು. ಮಾಸು ಕೆಳಗೆ ಅಡ್ಡ ಬೆಳೆದಿರಬಹುದು, ಅವಳಿ ಇರಬಹುದು, ತಿಂಗಳ ಲೆಕ್ಕವೇ ತಪ್ಪಿರಬಹುದು. ಎಷ್ಟೋ ಸಲ ಬೇನೆ ಬಂದ ಮೇಲೆ ತಲೆ ಇಳಿದು ಹೆರಿಗೆ ಸುಸೂತ್ರವೂ ಆಗುತ್ತದೆ. ಅದೇನೇ ಇದ್ದರೂ ದೊಡ್ಡಾಸ್ಪತ್ರೆಗೆ ಮೊದಲೇ ಹೋಗಿ ತೋರಿಸಬೇಕಾದ ಬಸುರಿ ಅವಳು. ನಾವಿಬ್ಬರೂ ಹೇಳಿದೆವು. ಮನೆಯ ಹಿರಿಯರು ಅಮಾವಾಸ್ಯೆ ಕಳೆಯಲಿ ಅಂದರು. ಪಾವಗಡದಿಂದ ತುಮಕೂರು ನೂರು ಕಿಲೋಮೀಟರಿನ ಹತ್ತಿರ, ಆಂಧ್ರದ ಹಿಂದೂಪುರವೇ ಸಮೀಪ. ಬೇನೆ ಶುರುವಾಗಿ ಒಂದು ರಾತ್ರಿ ಕಳೆದ ಮೇಲೆ ಗಾಡಿ ಕಟ್ಟಿದರು. ಆಪರೇಷನ್ ಆಗಿ ತಾಯಿ ಉಳಿದಳು, ಗಂಡು ಮಗು ಉಳಿಯಲಿಲ್ಲ. ಅಜ್ಜಿಯ ಕೈ ಹದಿನೈದು ದಿನ ಮುಂಚೆಯೇ ಹೇಳಿತ್ತು. ಹೇಳಿದ್ದನ್ನು ಕೇಳುವ ಮನೆಯಾಗಲಿ, ಕರೆದೊಯ್ಯುವ ವಾಹನವಾಗಲಿ ಅವರಿಗೆ ಸಿಗಲಿಲ್ಲ.

ಸೂಲಗಿತ್ತಿಯರಲ್ಲಿ ಹೆಚ್ಚಿನವರು ಊರಾಚೆಯ ಕೇರಿಗಳವರು. ಹೆರಿಗೆಯ ಸೂತಕದ ಕೋಣೆಗೆ ಅವರನ್ನು ಕರೆಯುವ ಮನೆಗಳೇ ಮಿಕ್ಕ ದಿನ ಹೊಸ್ತಿಲಾಚೆ ನಿಲ್ಲಿಸುತ್ತಿದ್ದವು. ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆಅಡಿಕೆ, ಒಂದು ಹಳೇ ಸೀರೆ, ಇದೇ ಸಂಭಾವನೆ. ಸರ್ಕಾರದ ಕಣ್ಣಿಗೂ ಅವರು ಬಿದ್ದದ್ದು ಕೊಳಕಿನ ಕಾರಣಕ್ಕೆ. 1885ರಲ್ಲಿ ಹೆಂಗಸರ ವೈದ್ಯಕೀಯ ನೆರವಿಗೆಂದು ಡಫರಿನ್ ನಿಧಿ ಹುಟ್ಟಿತು, 1903ರಲ್ಲಿ ದಾಯಿಯರ, ಅಂದರೆ ಸೂಲಗಿತ್ತಿಯರ, ತರಬೇತಿಗೆಂದೇ ವೈಸರಾಯ್ ಪತ್ನಿ ಲೇಡಿ ಕರ್ಜನ್ ವಿಕ್ಟೋರಿಯಾ ಸ್ಕಾಲರ್‌ಷಿಪ್ ನಿಧಿ ಮಾಡಿದರು. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕತ್ತರಿಸಿ ಧನುರ್ವಾಯುವಿಗೆ ಶಿಶುಗಳು ಸಾಯುತ್ತಿದ್ದದ್ದು ನಿಜ, ಅದನ್ನು ಬಿಡಿಸಬೇಕಾದದ್ದೂ ನಿಜ. ಆರೋಗ್ಯ ಸೇವೆಗಳ ಕುರಿತ 1946ರ ಭೋರ್ ಸಮಿತಿಯೂ ದಾಯಿಯರಿಗೆ ತರಬೇತಿ ಕೊಡಿ ಎಂದಿತು. 1970ರ ದಶಕದಿಂದ ಆ ತರಬೇತಿ ಹಳ್ಳಿ ಹಳ್ಳಿಗೂ ಬಂತು, ಅದರಲ್ಲಿ ನಾನೂ ಪಾಠ ಹೇಳಿದವಳು. ಶುಚಿಯಾದ ಕೈ, ಶುಚಿಯಾದ ಜಾಗ, ಶುಚಿಯಾದ ಬ್ಲೇಡು, ಶುಚಿಯಾದ ದಾರ, ಶುಚಿಯಾದ ಹೊಕ್ಕುಳು. ಡಬ್ಬಿಯೊಂದರಲ್ಲಿ ಸೋಪು, ಬ್ಲೇಡು, ದಾರ ಇಟ್ಟು ಕೊಡುತ್ತಿದ್ದೆವು. ಅಜ್ಜಿಯರು ಬೇಗ ಕಲಿತರು, ಕುಡುಗೋಲು ಬಿಟ್ಟರು. ಆದರೆ ತರಬೇತಿಯ ವರದಿಯಲ್ಲಿ ಎಷ್ಟು ಜನ ಬಂದರು, ಎಷ್ಟು ಡಬ್ಬಿ ಕೊಟ್ಟೆವು ಎಂಬ ಕಲಮುಗಳಿದ್ದವು. ನಿಮಗೇನು ಗೊತ್ತು ಎಂದು ಅವರನ್ನು ಕೇಳುವ ಕಲಮು ಒಂದೂ ಇರಲಿಲ್ಲ. ಇದರ ಬಗ್ಗೆ ನನಗೆ ಈಗಲೂ ಸಂಕಟವಿದೆ. ತಲೆ ಎಷ್ಟು ಇಳಿದಿದೆ ಎಂದು ಕತ್ತಲೆಯಲ್ಲೂ ಹೇಳಬಲ್ಲ ಹೆಂಗಸರನ್ನು ಸಾಲಾಗಿ ಕೂರಿಸಿ ನಾವು ಸೋಪು ಹಚ್ಚುವುದನ್ನು ಮಾತ್ರ ಹೇಳಿಕೊಟ್ಟೆವು.

ಆ ಸಾಲಿನಿಂದ ದೇಶದ ಕಣ್ಣಿಗೆ ಕಂಡವರು ಒಬ್ಬರೇ, ನಮ್ಮ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. 1920ರಲ್ಲಿ ಹುಟ್ಟಿ, ಅಜ್ಜಿ ಮರಿಗೆಮ್ಮನಿಂದ ಕಸುಬು ಕಲಿತವರು. ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎನ್ನುತ್ತಾರೆ. ಹೊಟ್ಟೆಯ ಮೇಲೆ ಕೈಯಿಟ್ಟೇ ಮಗುವಿನ ತಲೆ ಎಲ್ಲಿದೆ, ನಾಡಿ ಹೇಗಿದೆ ಎಂದು ಹೇಳುತ್ತಿದ್ದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಹೆಸರು ಬಾರದೆ ಹೋದ ನೂರಾರು ಅಜ್ಜಿಯರಿಗೂ ಸೇರಿದ ಗೌರವ ಅದೆಂದು ನಾನು ಎಣಿಸಿಕೊಂಡೆ.

ಕಸುಬು ಮುಗಿದದ್ದು ಬೇಗ. 2005ರಲ್ಲಿ ಆಸ್ಪತ್ರೆಯಲ್ಲಿ ಹೆರುವವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂದು ಹೆರಿಗೆ ಆಸ್ಪತ್ರೆಗೆ ಹೋಯಿತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿದ್ದವು. ಗಾಡಿಯಲ್ಲಿ ಹೋದ ಆ ಹುಡುಗಿಯನ್ನು ಕಂಡ ನನಗೆ ಇದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಶೇ. 31ರ ಮೇಲಿದೆ, ಅದು ಒಳ್ಳೆಯ ಸುದ್ದಿಯಲ್ಲ. ತಾಯಿ ಕಾರ್ಡಿನಲ್ಲಿ ಗರ್ಭಕೋಶದ ಎತ್ತರ ಬರೆಯುವ ಕಲಮು ಇನ್ನೂ ಇದೆ. ಸ್ಕ್ಯಾನಿಂಗ್ ವರದಿ ಕೈಯಲ್ಲಿರುವಾಗ ಹೊಟ್ಟೆ ಮುಟ್ಟದೆಯೇ ಅದನ್ನು ತುಂಬಿಸುವವರಿದ್ದಾರೆ. ಹೋದ ತಿಂಗಳ ಸ್ಕ್ಯಾನಿಂಗ್ ಈ ವಾರ ತಲೆ ಎಲ್ಲಿದೆ ಎಂದು ಹೇಳುವುದಿಲ್ಲ. ದೇಶದಲ್ಲಿ 2018ರಿಂದ ಪ್ರಸೂತಿ ನರ್ಸುಗಳಿಗೆ ಹದಿನೆಂಟು ತಿಂಗಳ ಪ್ರತ್ಯೇಕ ತರಬೇತಿಯ ಯೋಜನೆ ಶುರುವಾಗಿದೆ. ಬೆರಳ ಲೆಕ್ಕ ಅಲ್ಲಿ ಮತ್ತೆ ಕೈಗೆ ಬರಬಹುದೆಂಬ ಆಸೆ ನನಗಿದೆ.

ಅಜ್ಜಿಯರು ಹೇಳಿದ್ದೆಲ್ಲ ಉಳಿಯಬೇಕೆಂದು ಮಾತ್ರ ನಾನು ಹೇಳಲಾರೆ. ಹೊಟ್ಟೆ ಚೂಪಾಗಿ ಇಳಿದರೆ ಗಂಡು, ದುಂಡಗೆ ಇಳಿದರೆ ಹೆಣ್ಣು ಅನ್ನುವುದಕ್ಕೆ ಬುಡವೇ ಇಲ್ಲ. ಅದನ್ನು ಕೇಳಿ ಬಾಡಿದ ಬಸುರಿಯರ ಮುಖ ಬಹಳ ನೋಡಿದ್ದೇನೆ. ಅದಕ್ಕಿಂತ ಅಪಾಯದ್ದು ಇನ್ನೊಂದು. "ಮಗ ಕೆಳಕ್ಕೆ ಇಳಿದ್ಮೇಲೆ ಜಾಗ ಸಾಲಲ್ಲ, ಆಡೋದು ಕಮ್ಮಿ ಆಗ್ತೈತೆ" ಅನ್ನುವ ಮಾತು ಸೂಲಗಿತ್ತಿಯರ ಬಾಯಲ್ಲಿತ್ತು. ಈಗ ಅವರಿಲ್ಲದ ಮನೆಗಳಲ್ಲೂ, ಓದಿದವರ ಬಾಯಲ್ಲೂ ಅದು ಉಳಿದುಕೊಂಡಿದೆ. ತಲೆ ಕೂತ ಮೇಲೆ ಒದೆತದ ಬಗೆ ಬದಲಾಗುತ್ತದೆ. ಪಲ್ಟಿ ಹೊಡೆಯುವುದು ಹೋಗಿ ಹೊರಳುವುದು, ಪಕ್ಕೆಗೆ ತಿವಿಯುವುದು, ಕೆಳಗೆ ಒತ್ತುವುದು ಹೆಚ್ಚುತ್ತದೆ. ಆದರೆ ಮಗು ಆಡುವುದು ಹೆರಿಗೆಯ ದಿನದವರೆಗೂ ಕಡಿಮೆಯಾಗಬಾರದು. ದಿನಾ ಆಡುತ್ತಿದ್ದ ಮಗು ಇವತ್ತು ಮಂಕಾಗಿದೆ ಅನ್ನಿಸಿದರೆ, ನೀರು ಸೋರಿದರೆ, ರಕ್ತ ಕಂಡರೆ, ಹೊಟ್ಟೆ ಇಳಿದಿರಲಿ ಇಳಿಯದಿರಲಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಈಗ ಊರ ಬಾಗಿಲಿಗೇ ಬರುತ್ತದೆ.